ಎರಡನೇ ಸಾಲಿನ ಸೊಲ್ಲು

ಮತ್ತೊಂದು ಹುಟ್ಟಿತು.

ಸೇವ್ ಒತ್ತಿದ ಬೆರಳನ್ನು ಅಂಜಿನಮೂರ್ತಿ ಇನ್ನೂ ಎತ್ತಿರಲಿಲ್ಲ. ಫೋಲ್ಡರಿನ ಕೊನೆಯಲ್ಲಿ ಅದೇ ಹೆಸರಿನ ಇನ್ನೊಂದು ಫೈಲು ಬಂದು ಕೂತಿತ್ತು, ತಾನೂ ಈ ಮನೆಯವನೇ ಎಂಬಂತೆ. ಹೆಸರಿಗೆ ಮುಂಚೆ ಎರಡು ಪದ ಮಾತ್ರ ಹೆಚ್ಚು: ಬ್ಯಾಕಪ್ ಆಫ್. ಅದರ ಮೇಲೆ ಕೂತಿದ್ದದ್ದು ಬ್ಯಾಕಪ್ ಆಫ್ ಬ್ಯಾಕಪ್ ಆಫ್. ಎಣಿಸಿದ. ಇಪ್ಪತ್ತಮೂರು.

ನಾಳೆ ಪ್ರಬಂಧ ಒಪ್ಪಿಸಬೇಕು. ಪ್ರಬಂಧದ ಅರ್ಧ ಈ ಫೈಲಿನಲ್ಲಿದೆ. ಯಾವ ಫೈಲಿನಲ್ಲಿ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಐದು ವರ್ಷ, ರಜೆ ಸಿಕ್ಕಾಗಲೆಲ್ಲ ಬಡವನಹಳ್ಳಿಯಾಚೆಯ ತನ್ನ ಹಟ್ಟಿಗೆ ಹೋಗಿ, ಅವ್ವ ಹಾಡುತ್ತಿದ್ದ ದೇವರ ಪದವನ್ನು ಎದುರಿಗೆ ಕೂತು ಟೈಪು ಮಾಡಿದ್ದ. ಒಂದು ಚೌಕಕ್ಕೆ ಒಂದು ಸಾಲು. ಪಕ್ಕದಲ್ಲಿ ಸಾಲಿನ ಸಂಖ್ಯೆ, ಅದರ ಪಕ್ಕ ಅರ್ಥ. ಎಕ್ಸೆಲ್ಲಿಗೆ ಹಾಕಿಬಿಟ್ಟರೆ ವರ್ಗೀಕರಣ ಸುಲಭವೆಂದು ಯಾವುದೋ ಕಾರ್ಯಾಗಾರದಲ್ಲಿ ಯಾರೋ ಹೇಳಿದ್ದರು. ಫೋನಿನಲ್ಲಿ ರೆಕಾರ್ಡು ಮಾಡಲು ಅವ್ವ ಬಿಟ್ಟಿರಲಿಲ್ಲ. "ಬೇಕಾರೆ ಬರ್ಕ. ದೇವ್ರ ಪದನ ಡಬ್ಬಿಯಾಗೆ ಹಿಡ್ದು ಮಡಿಕ್ಕಬ್ಯಾಡ," ಅಂದಿದ್ದಳು.

ಫೈಲಿನ ಹೆಸರು 'ವಕ್ತೃ–೧'. ಸಂಶೋಧನೆಯ ಶಿಸ್ತಿನಲ್ಲಿ ಪದ ಹಾಡಿದವರಿಗೆ ಹೆಸರಿರುವುದಿಲ್ಲ, ಸಂಖ್ಯೆ ಇರುತ್ತದೆ. ಅವ್ವನ ಹೆಸರು ಪುಟ್ಟಕ್ಕ, ಎಪ್ಪತ್ತೊಂದು ವರ್ಷ, ಅನಕ್ಷರಸ್ಥೆ, ಕುರಿ ಸಾಕಣೆ ಎಂಬುದೆಲ್ಲ ಅಡಿಟಿಪ್ಪಣಿಗೆ ಹೋಗಿತ್ತು. ಸಂಶೋಧಕನಿಗೂ ವಕ್ತೃವಿಗೂ ಇರುವ ಸಂಬಂಧ ಎಂದು ಕೇಳಿದ್ದ ಕಡೆ ಅವನು 'ಪರಿಚಿತರು' ಎಂದು ಬರೆದಿದ್ದ.

ಐದು ತಿಂಗಳ ಹಿಂದೆ ಅವಳಿಗೆ ಲಕ್ವ ಹೊಡೆಯಿತು. ಬಲಗಡೆ ಹೋಯಿತು. ಮಾತು ಹೋಯಿತು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತಿದ್ದವನಿಗೆ ಮೊದಲು ಹೊಳೆದದ್ದು, ಸದ್ಯ, ಪದ ಬರೆದು ಮುಗಿದಿತ್ತಲ್ಲ ಎಂದು. ಹಾಗೆ ಹೊಳೆಯಿತಲ್ಲ ಎಂದು ಆಮೇಲೆ ಭಯವಾಯಿತು. ಭಯ ಬೇಗ ಹೋಯಿತು.

"ಏನ್ ಸಾರ್ ಇದು, ಕುರಿ ಮರಿ ಹಾಕ್ದಂಗೆ ಹಾಕ್ತಾನೇ ಐತಲ್ಲ ನಿಮ್ ಫೈಲು!" ಎಂದ ಮೋಹನ್ ಕುಮಾರ್. ಮಧುಗಿರಿಯ ಆ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುವವನು ಅವನೇ.

ಕುರಿ ಎಂಬ ಮಾತಿಗೆ ಅಂಜಿನಮೂರ್ತಿ ತಲೆಯೆತ್ತಿದ. ಗೊತ್ತಿದ್ದು ಹೇಳಿದನೋ, ಬಾಯಿಗೆ ಬಂದದ್ದು ಹೇಳಿದನೋ ಅವನ ಮುಖದಲ್ಲಿ ಕಾಣಲಿಲ್ಲ. ಕನ್ನಡ ವಿಭಾಗದ ಬಾಗಿಲ ಮೇಲೆ ತನ್ನ ಹೆಸರು 'ಎ. ಮೂರ್ತಿ'. ಅಷ್ಟರಿಂದ ಯಾರಿಗೂ ಕುರಿಹಟ್ಟಿಯವನೆಂದು ತಿಳಿಯುವಂತಿರಲಿಲ್ಲ.

"ಸೇವ್ ಆ್ಯಸ್ ಒತ್ತಿ ಸಾರ್. ಟೂಲ್ಸ್ ಅಂತಿದೆ ನೋಡಿ, ಅದ್ರೊಳಗೆ ಜನರಲ್ ಆಪ್ಷನ್ಸ್. ಹಾಂ. ಯಾವಾಗ್ಲೂ ಬ್ಯಾಕಪ್ ಮಾಡ್ತಿರು ಅಂತ ಯಾರೋ ಟಿಕ್ ಹಾಕವ್ರೆ."

"ಯಾರು?"

"ನಿಮ್ ಲ್ಯಾಪ್‌ಟಾಪು, ನಿಮ್ ಫೈಲು. ನನ್ನ ಕೇಳಿದ್ರೆ?"

ತಾನೇ ಹಾಕಿರಬೇಕು. ಯಾವಾಗ ಎಂದು ನೆನಪಾಗಲಿಲ್ಲ. ಕಳೆದುಹೋದೀತು ಎಂಬ ಹೆದರಿಕೆ ಒಂದು ಕಾಲಕ್ಕೆ ತನಗೂ ಇದ್ದಿರಬೇಕು.

ಮೋಹನ್ ಕುಮಾರ್ ಟಿಕ್ ತೆಗೆದ. "ಇನ್ಮೇಲೆ ಹುಟ್ಟಲ್ಲ. ಹುಟ್ಟಿರೋವನ್ನ ಡಿಲೀಟ್ ಮಾಡ್ಲಾ?"

"ತಡೀರಿ. ಒಂದರಲ್ಲಿ ಇರೋದು ಇನ್ನೊಂದರಲ್ಲಿಲ್ಲ."

ಅಸಲು ಎಂದುಕೊಂಡು ಎಷ್ಟೋ ಸಲ ನಕಲನ್ನೇ ತೆರೆದಿದ್ದ. ಅದರಲ್ಲೇ ಮುಂದುವರಿಸಿದ್ದ. ಮರುದಿನ ಇನ್ನೊಂದರಲ್ಲಿ. ಅವ್ವನ ಪದ ಇಪ್ಪತ್ತಮೂರು ಕಡೆ ಚೂರುಚೂರಾಗಿ ಬಿದ್ದಿತ್ತು.

"ಅಷ್ಟೇನಾ?" ಮೋಹನ್ ಕುಮಾರ್ ಕುರ್ಚಿ ಎಳೆದುಕೊಂಡ. "ಎಲ್ಲಾನೂ ಒಂದೇ ಶೀಟಿಗೆ ಒಂದ್ರ ಕೆಳಗೊಂದು ಹಾಕಣ. ರಿಮೂವ್ ಡೂಪ್ಲಿಕೇಟ್ಸ್ ಒತ್ತಣ. ಒಂದೇ ಥರ ಇರೋದ್ರಲ್ಲಿ ಒಂದನ್ನ ಉಳಿಸ್ಕೊಂಡು ಮಿಕ್ಕಿದ್ದು ಕಿತ್ತಾಕುತ್ತೆ. ಸಾಲಿನ ನಂಬರು ಒಂದೊಂದ್ರಲ್ಲಿ ಒಂದೊಂಥರ ಐತೆ, ಆ ಕಾಲಂ ಬಿಟ್ಬಿಡಣ. ಬರೀ ಪದ ನೋಡ್ಲಿ. ಏನಂತೀರಾ?"

"ಹೂಂ."

ತೆರೆಯ ಮೇಲೆ ಒಂದು ಪುಟ್ಟ ಚೌಕ ಎದ್ದು ನಿಂತಿತು. ಆರು ಸಾವಿರದ ಎಂಟುನೂರ ಹನ್ನೆರಡು ನಕಲು ತೆಗೆದಿದ್ದೇನೆ, ಸಾವಿರದ ಒಂಬೈನೂರ ನಾಲ್ಕು ಉಳಿದಿವೆ ಎಂದಿತು. ಅದರಲ್ಲಿ ಅನುಮಾನಕ್ಕೆ ಎಡೆಯಿರಲಿಲ್ಲ.

"ಈಗ ಹಳೇವು ತೆಗೀಲಾ ಸಾರ್? ಶಿಫ್ಟ್ ಹಿಡ್ದು ತೆಗೆದ್ರೆ ಕಸದ ಬುಟ್ಟಿಗೂ ಹೋಗಲ್ಲ. ಕ್ಲೀನರ್ ಒಂದ್ಸಲ ಓಡ್ಸಿ ಕೊಡ್ತೀನಿ, ಜಾಗ ಆಗುತ್ತೆ."

"ಹೂಂ," ಎಂದ ಅಂಜಿನಮೂರ್ತಿ. ಎದೆ ಹಗುರಾಯಿತು. ಐದು ತಿಂಗಳಲ್ಲಿ ಮೊದಲ ಸಲ.

ಮಧ್ಯಾಹ್ನ ಮಾರ್ಗದರ್ಶಕರು ಫೋನು ಮಾಡಿದರು. ವೃಷಭೇಂದ್ರಪ್ಪನವರದು ಯಾವಾಗಲೂ ಅರ್ಧ ನಿಮಿಷದ ಮಾತು.

"ಏನ್ರೀ ಮೂರ್ತಿ, ಪುನರುಕ್ತಿ ಕಡಿಮೆ ಮಾಡಿದ್ರಾ? ಹೋದ ಸಲ ತೋರಿಸಿದ ಪುಟದಲ್ಲಿ ಅದೇ ಅದೇ ಇತ್ತು. ಪರೀಕ್ಷಕರು ಹಿಡಿಯೋದೇ ಅದನ್ನ."

"ಕಡಿಮೆ ಆಗಿದೆ ಸಾರ್."

"ಒಪ್ಪಿಗೆ ಪತ್ರ?"

"ಇವತ್ತು ಹೆಬ್ಬೆಟ್ಟು ತಗೊಂಡು ಬರ್ತೀನಿ."

"ಆಯಮ್ಮ ಹುಷಾರಿಲ್ಲ ಅಂದಿದ್ರಿ?"

"ಎಡಗೈ ಇದೆ ಸಾರ್."

ಹೇಳಿದ ಮೇಲೆ ಆ ಮಾತು ಸ್ವಲ್ಪ ಹೊತ್ತು ಕಿವಿಯಲ್ಲೇ ಉಳಿಯಿತು.

ಹಟ್ಟಿಯ ಮುಳ್ಳುಬೇಲಿಯ ಹತ್ತಿರ ಬೈಕು ನಿಲ್ಲಿಸಿದಾಗ ಬಿಸಿಲು ಇಳಿಯುತ್ತಿತ್ತು. ದೇವರ ಕಟ್ಟಳೆ, ಬೇಲಿಯೊಳಗೆ ಚಪ್ಪಲಿ ಮೆಟ್ಟುವಂತಿಲ್ಲ. ಶೂ ಬಿಚ್ಚಿದ. ಸಾಕ್ಸು ಹಾಗೇ ಇಟ್ಟುಕೊಂಡ. ನೆಲ ಚುಚ್ಚುತ್ತದೆಂದಲ್ಲ. ಬರಿಗಾಲಲ್ಲಿ ನಡೆದರೆ ಇನ್ನೂ ನಮ್ಮವನೇ ಎಂದು ಯಾರಾದರೂ ನೋಡಿ ಸಂತೋಷಪಟ್ಟಾರು ಎಂದು.

"ಬಂದ್ರಾ ಮೇಷ್ಟ್ರು!" ಅತ್ತಿಗೆ ಅನಸೂಯ ಮೊರ ಕೆಳಗಿಟ್ಟಳು. "ದಾರಿ ಮರ್ತ್ಯೇನೋ ಅಂದ್ಕಂಡಿದ್ದೆ. ಕಾಲ್ಚೀಲ ಬ್ಯಾರೆ. ನಮ್ಮ ನೆಲ ಅಂಟ್ಕಂಬುಡ್ತದೇನೋ?"

"ಅವ್ವ ಉಂಡಳಾ?"

"ಗಂಜಿ ಕುಡುದ್ಳು. ಅರ್ಧ ಒಳಕ್ಕೆ, ಅರ್ಧ ಸೆರಗ್ಗೆ. ನಿಮ್ಮಣ್ಣ ಕುರಿ ಹೊಡ್ಕಂಡ್ ಹೋಗವ್ನೆ, ಇನ್ನೇನ್ ಬತ್ತಾನೆ. ಅದೇನದು ಪೇಪರ್ರು?"

"ಒಪ್ಪಿಗೆ ಪತ್ರ. ಅವ್ವನ ಹೆಬ್ಬೆಟ್ಟು ಬೇಕು."

"ಯಾತಕ್ಕೆ?"

"ಪದ ಅವಳು ಹೇಳಿದ್ದೇ ಅಂತ."

"ಅದುನ್ನ ಓದಿ ಹೇಳ್ದೆ ಅವ್ಳುಗೆಂಗ್ ಗೊತ್ತಾಗ್ಬೇಕು? ಮೊದ್ಲು ಓದು. ಕೇಳ್ಕಂಡು ಒತ್ತಲಿ. ಮಾತು ಹೋಗೈತೆ ಕಣಪ್ಪ, ಕಿವಿ ನೆಟ್ಟಗೈತೆ."

ಪಡಸಾಲೆಯಲ್ಲಿ ಪುಟ್ಟಕ್ಕ ಗೋಡೆಗೆ ಒರಗಿ ಕೂತಿದ್ದಳು. ಅವಳನ್ನು ಒರಗಿಸಿ ಕೂರಿಸಲಾಗಿತ್ತು ಎನ್ನುವುದೇ ಸರಿ. ಬಾಯಿ ಒಂದು ಕಡೆಗೆ ಸರಿದಿತ್ತು. ಮಗನನ್ನು ಕಂಡು ಕಣ್ಣು ಅಗಲವಾಯಿತು. ಅವನು ಲ್ಯಾಪ್‌ಟಾಪು ತೆರೆದು ತೊಡೆಯ ಮೇಲಿಟ್ಟುಕೊಂಡ. ಇಬ್ಬರ ನಡುವೆ ಅದೊಂದು ಇದ್ದದ್ದು ಅವನಿಗೆ ಅನುಕೂಲವಾಯಿತು.

ಮೊದಲನೇ ಸಾಲು ಓದಿದ. ತರಗತಿಯಲ್ಲಿ ಓದುವ ದನಿಯಲ್ಲಿ.

ಎರಡನೇ ಸಾಲು: ನಿಂತವ್ನೆ ನಮ್ಮಪ್ಪ ಬೇಲಿ ತಾವ.

ಅದು ಸೊಲ್ಲು. ಹಾಡುವವಳು ಒಂದು ಸಾಲು ಬಿಟ್ಟರೆ, ಕೂತ ಹೆಂಗಸರೆಲ್ಲ ಒಟ್ಟಿಗೆ ಎತ್ತಿಕೊಳ್ಳುವ ಮಾತು. ಪುಟ್ಟಕ್ಕನ ಎಡಗೈ ಕಂಬಳಿಯ ಮೇಲೆ ಮೆಲ್ಲಗೆ ಒಮ್ಮೆ ತಟ್ಟಿತು. ಮುಖದ ಸರಿಯಾಗಿದ್ದ ಅರ್ಧದಲ್ಲಿ ಏನೋ ಹೊತ್ತಿಕೊಂಡಿತು.

ಮೂರನೇ ಸಾಲು ಓದಿದ.

ಅವಳು ಕೈ ಎತ್ತಿದಳು. ಎತ್ತಿ ಹಿಡಿದಳು.

ನಾಲ್ಕನೇ ಸಾಲು ಓದಿದ. ಕೈ ಇಳಿಯಲಿಲ್ಲ. ಐದನೇದು. ಕೈ ಗಾಳಿಯಲ್ಲೇ ಇತ್ತು. ಅವಳು ಅವನ ಬಾಯಿಯನ್ನೇ ನೋಡುತ್ತಿದ್ದಳು. ಅವನು ತೆರೆಯನ್ನು ನೋಡುತ್ತಿದ್ದ.

"ಸೊಲ್ಲೆಲ್ಲೋ?" ಎಂದಳು ಅನಸೂಯ.

ಬೆರಳಿನಿಂದ ಕೆಳಕ್ಕೆ ಸರಿಸಿದ. ಇನ್ನೂ ಕೆಳಕ್ಕೆ. ದೇವರು ಹುಟ್ಟಿದ, ತುರುಗಳನ್ನು ಹೊಡೆದುಕೊಂಡು ಹೊರಟ, ಏಳು ಗುಡ್ಡ ದಾಟಿದ. ಏಳು ಸಲ ದಾಟಬೇಕಾದವನು ಒಂದೇ ಸಲ ದಾಟಿ ಆಚೆ ನಿಂತಿದ್ದ. ಸಾವಿರದ ಒಂಬೈನೂರ ನಾಲ್ಕನೆಯ ಸಾಲಿನವರೆಗೂ ಸೊಲ್ಲು ಇನ್ನೊಮ್ಮೆ ಬರಲಿಲ್ಲ.

"ಮೇಲೆ ಒಂದು ಸಲ ಇದೆ ಅತ್ತಿಗೆ."

"ಒಂದ್ ಸಲವೇ?"

"ಒಂದೇ ಥರ ಇದ್ದವನ್ನ ಮಿಷನ್ನು ತೆಗೆದುಬಿಟ್ಟಿದೆ."

"ಒಂದೇ ಥರ ಐತೆ ಅಂತ ಅದುಕ್ಯಾರ್ ಹೇಳಿದ್ದು?"

ಅನಸೂಯ ಅತ್ತೆಯ ಪಕ್ಕ ಕುಕ್ಕರುಗಾಲಲ್ಲಿ ಕೂತಳು. "ಓದು. ನಾನೇ ಕೊಡ್ತೀನಿ." ಅವನು ಮೂರನೇ ಸಾಲನ್ನು ಮತ್ತೆ ಓದಿದ. ಅವಳು ಸೊಲ್ಲೆತ್ತಿದಳು. ಪುಟ್ಟಕ್ಕ ತಲೆಯಾಡಿಸಿದಳು, ಹೌದೆಂದು. ನಾಲ್ಕನೇ ಸಾಲಿಗೂ ಅನಸೂಯ ಎತ್ತಿದಳು. ಅವ್ವನ ಗಂಟಲಿನಿಂದ ಬೇಡವೆಂಬ ಸದ್ದು ಹೊರಟಿತು. ಐದಕ್ಕೆ ಅನಸೂಯ ಸೊಲ್ಲೆತ್ತದೆ ಬಿಟ್ಟಳು. ಮತ್ತೆ ಅದೇ ಸದ್ದು, ಇನ್ನೂ ಜೋರಾಗಿ.

"ನನಿಗ್ ಗೊತ್ತಿಲ್ಲ ಕಣಪ್ಪ," ಎಂದಳು ಅನಸೂಯ. ದನಿಯಲ್ಲಿ ಚೇಷ್ಟೆ ಹೋಗಿತ್ತು. "ಒಂದೊಂದ್ ತಾವ ಮೂರು ಸತಿ ಬತ್ತದೆ. ಒಂದೊಂದ್ ತಾವ ಇಲ್ವೇ ಇಲ್ಲ. ನಾವ್ಯಾರೂ ಕಲ್ತಿರ್ಲಿಲ್ಲ. ಅವ್ಳ ಬಾಯಿ ನೋಡ್ಕಂಡು ಎತ್ತುತಿದ್ವಿ, ಅಷ್ಟೆ. ನೀನೂ ಎತ್ತುತಿದ್ದೆ ಅಂತಿದ್ಳು. ಅವ್ಳ ತೊಡೆ ಮ್ಯಾಲೆ ಮಲಿಕ್ಕಂಡು, ನಿದ್ದೆಗಣ್ಣಾಗೆ."

ನಿಜ. ಪದದಲ್ಲಿ ಅವನಿಗೆ ಮೊದಲು ಗೊತ್ತಾದದ್ದು ಅದೊಂದೇ. ಕಥೆ ಆಗ ಕೇಳಿಸಿಕೊಂಡಿರಲಿಲ್ಲ. ಸೊಲ್ಲು ಬಂದಾಗ ಅವ್ವನ ಹೊಟ್ಟೆ ಏರಿ ಇಳಿಯುವುದು ಕೆನ್ನೆಗೆ ತಿಳಿಯುತ್ತಿತ್ತು. ಈಗ ಬಾಯಿ ತೆರೆದ. ಅನಸೂಯ ನೋಡುತ್ತಿದ್ದಳು. ಬಾಯಿ ಮುಚ್ಚಿದ.

ಎದ್ದು ಹೊರಗೆ ಬಂದು ಫೋನು ಮಾಡಿದ.

"ವಾಪಸ್ ಬರುತ್ತಾ ಮೋಹನ್?"

"ಯಾವುದು ಸಾರ್?"

"ಬೆಳಿಗ್ಗೆ ತೆಗೆದವು. ಒಂದಾದ್ರೂ ಸಾಕು."

"ಶಿಫ್ಟ್ ಹಿಡ್ದು ತೆಗ್ದಿದ್ದು ಸಾರ್. ಮೇಲೆ ಕ್ಲೀನರ್ ಬ್ಯಾರೆ ಓಡಿಸ್ದೆ. ಬ್ಯಾಕಪ್ಪಿನ ಟಿಕ್ಕೂ ತೆಗ್ದಿದೀವಿ. ನೀವೇ ಹೂಂ ಅಂದ್ರಲ್ಲ. ಬೇಕಾಗಿತ್ತಾ?"

"ಇಲ್ಲ. ಸುಮ್ನೆ ಕೇಳಿದೆ."

ಒಳಗೆ ಬಂದ. ಅನಸೂಯ ಕುರಿರೊಪ್ಪದ ತಡಿಕೆ ತೆಗೆಯಲು ಹಿತ್ತಲಿಗೆ ಹೋಗಿದ್ದಳು. ಒಪ್ಪಿಗೆ ಪತ್ರವನ್ನು ಲ್ಯಾಪ್‌ಟಾಪಿನ ಮೇಲೆ ಹರಡಿ, ಶಾಯಿಯ ಡಬ್ಬಿಯ ಮುಚ್ಚಳ ತೆಗೆದ. 'ಮೇಲ್ಕಂಡ ಪಠ್ಯವು ಸಂಪೂರ್ಣವಾಗಿ ನಾನೇ ಹಾಡಿ ಬರೆಸಿದ್ದೆಂದು ಈ ಮೂಲಕ' ಎಂದು ಪತ್ರದಲ್ಲಿತ್ತು. ಅವ್ವನ ಎಡಗೈ ಹಿಡಿದುಕೊಂಡ. ಎಷ್ಟು ವರ್ಷಗಳ ಮೇಲೋ.

ಅವಳು ಮುಷ್ಟಿ ಕಟ್ಟಿದಳು. ಹೆಬ್ಬೆರಳನ್ನು ಒಳಕ್ಕೆ ಹಾಕಿ, ಅದರ ಮೇಲೆ ನಾಲ್ಕೂ ಬೆರಳು ಮುಚ್ಚಿದಳು. ಅವನು ಕಿರುಬೆರಳು ಬಿಡಿಸಿದ. ಉಂಗುರದ ಬೆರಳು ಬಿಡಿಸುವಷ್ಟರಲ್ಲಿ ಕಿರುಬೆರಳು ಮತ್ತೆ ಮುಚ್ಚಿಕೊಂಡಿತ್ತು. ಇಷ್ಟು ಬಲ ಅವಳಲ್ಲಿ ಉಳಿದಿದ್ದದ್ದು ಅವನಿಗೆ ಗೊತ್ತಿರಲಿಲ್ಲ.

"ಅವ್ವ, ನಾಳೆ ಕೊಡಬೇಕು," ಎಂದ.

ಹೊರಗೆ ಅಣ್ಣ ಕ್ಯಾತಣ್ಣನ ಕೂಗು ಕೇಳಿಸಿತು. ಕುರಿ ಬಂದವು. ಬೆಳಗಿನಿಂದ ರೊಪ್ಪದಲ್ಲಿ ಕೂಡಿಹಾಕಿದ್ದ ಮರಿಗಳು ಒಮ್ಮೆಲೇ ಅರಚಿಕೊಂಡವು. ಬೇಲಿಯಾಚೆಯಿಂದ ತಾಯಿಗಳು ಅರಚಿದವು. ಇನ್ನೂರು ಗಂಟಲು. ಧೂಳು ಪಡಸಾಲೆಯ ಹೊಸ್ತಿಲು ದಾಟಿ ಒಳಗೆ ಬಂತು.

ಪುಟ್ಟಕ್ಕ ಅತ್ತ ಮುಖ ತಿರುಗಿಸಿದಳು. ಒಂದು ಕೂಗಿಗೆ ಅವಳ ಕಣ್ಣು ಬಾಗಿಲಿಗೆ ಹೋಯಿತು. ಇನ್ನೊಂದಕ್ಕೆ ಹುಬ್ಬು ಏರಿತು. ಮತ್ತೊಂದು ಕೇಳಿ, ಅದು ಸೇರಬೇಕಾದ ಕಡೆ ಸೇರಿತೆಂಬಂತೆ ರೆಪ್ಪೆ ಇಳಿಯಿತು. ಆ ಗದ್ದಲದಲ್ಲಿ ಒಂದೊಂದು ತಾಯಿಯೂ ತನ್ನ ಮರಿಯನ್ನು ಹುಡುಕಿಕೊಳ್ಳುತ್ತಿತ್ತು, ಅವಳು ಕೂತಲ್ಲೇ ಒಂದೊಂದನ್ನೂ ಗುರುತು ಹಿಡಿಯುತ್ತಿದ್ದಳು. ಹಾಗೆ ಕೇಳುತ್ತ ಕೇಳುತ್ತ, ಅವಳಿಗೇ ತಿಳಿಯದೆ ಮುಷ್ಟಿ ಸಡಿಲಾಯಿತು. ಹೆಬ್ಬೆರಳು ಹೊರಗೆ ಬಂತು.

ಅಂಜಿನಮೂರ್ತಿ ಒಂದು ಕೈಯಲ್ಲಿ ಆ ಹೆಬ್ಬೆರಳನ್ನೂ ಇನ್ನೊಂದರಲ್ಲಿ ಶಾಯಿಯ ಡಬ್ಬಿಯನ್ನೂ ಹಿಡಿದು ಕೂತ. ಅವಳು ಕೇಳುತ್ತಿರುವುದನ್ನು ತಾನೂ ಕೇಳಬೇಕೆಂದು ಕಣ್ಣು ಮುಚ್ಚಿದ. ಒಂದು ಕೂಗಿನಿಂದ ಇನ್ನೊಂದು ಕೂಗನ್ನು ಬೇರ್ಪಡಿಸಲು ನೋಡಿದ. ಎರಡನ್ನಾದರೂ.

ಅವನಿಗೆ ಕೇಳಿಸಿದ್ದು ಒಂದೇ ಕುರಿ, ಒಂದೇ ಸಮನೆ ಅರಚುತ್ತಿರುವುದು.