ಲೆಲ್ಯಾ ಪೆನಾ ಅವರ ಪುಟ ಬೆಳ್ಳಗಾದದ್ದು

“ಇಸ್ಕ್ರಾ, ಮತ್ತೆ ಬೆಳ್ಳಗಾಯ್ತು ಕಣೆ,” ಎಂದರು ಲೆಲ್ಯಾ ಪೆನಾ.

ದನಿ ತಗ್ಗಿಸಿಯೇ ಹೇಳಿದ್ದರು. ಎದುರಿಗೆ ಯೋವ್ಕೊ ಕೂತಿದ್ದ, ಹಿಂದಿನ ದಿನ ತಾಯಿಯನ್ನು ಕಳೆದುಕೊಂಡವನು. ಇಸ್ಕ್ರಾ ಮಾತ್ರ ದನಿ ತಗ್ಗಿಸಲಿಲ್ಲ. ಕೈಯಲ್ಲಿ ಮದುವೆ ಕರೆಯೋಲೆಗಳ ಕಟ್ಟಿತ್ತು, ಮುದ್ರಣಯಂತ್ರದಲ್ಲಿ ಕಾಗದ ಸಿಕ್ಕಿಕೊಂಡಿತ್ತು, ಮಗಳನ್ನು ಶಾಲೆಯಿಂದ ಕರೆತರುವ ಹೊತ್ತೂ ಮೀರಿತ್ತು.

“ಏನು ಒತ್ತಿದ್ರಿ?”

“ಏನೂ ಒತ್ತಿಲ್ಲ. ಇವರ ಮಾತು ಕೇಳ್ತಾ ಇದ್ದೆ. ತಿರುಗಿ ನೋಡಿದ್ರೆ ಬರೀ ಬಿಳಿ.”

“ತಾನಾಗೇ ಹೇಗೆ ಅಳಿಸಿಹೋಗತ್ತೆ, ಲೆಲ್ಯಾ ಪೆನಾ? ಬರೆದಿದ್ದನ್ನ ಉಳಿಸೋಕೆ ಮರೆತಿರ್ತೀರಿ. ವಾರದಲ್ಲಿ ಇದು ಮೂರನೇ ಸಲ.”

ಇಸ್ಕ್ರಾ ಬಂದು ಪರೀಕ್ಷಿಸಿದಳು. ಪುಟದಲ್ಲಿ ಒಂದು ಹೆಸರು ಬರೆದಳು, ಪಕ್ಕದ ಟ್ಯಾಬಿಗೆ ಹೋದಳು, ಮರಳಿ ಬಂದಳು. ಹೆಸರು ಇದ್ದಲ್ಲೇ ಇತ್ತು. ಕಂಪ್ಯೂಟರನ್ನು ಆರಿಸಿ ಹಚ್ಚಿದಳು, ಮೌಸ್ ಬದಲಿಸಿದಳು, ಇನ್ನೊಮ್ಮೆ ಹೋಗಿ ಬಂದಳು. ಎಲ್ಲ ನೆಟ್ಟಗಿತ್ತು.

“ನನ್ನ ಕೈಲಿ ಬೆಳ್ಳಗಾಗಲ್ಲ, ನೋಡಿ. ಬೇಗ ಬೇಗ ಇನ್ನೊಂದ್ಸಲ ಬರೀರಿ, ಪಾಪ ಅವರು ಎಷ್ಟು ಹೊತ್ತು ಕಾಯ್ತಾರೆ.”

ಪೆನಾ ಅವರ ಬೆರಳುಗಳು ಕೀಲಿಗಳ ಮೇಲೆ ತಡವರಿಸಿದವು. ಇಸ್ಕ್ರಾ ಹೆಗಲ ಹಿಂದೆಯೇ ನಿಂತಿದ್ದಳು, ಒಲೆಯ ಮೇಲೆ ಹಾಲಿಟ್ಟು ಕಾಯುವವಳ ಹಾಗೆ.

ಅದು ಮಿಂಚೊ ಎಂಬವನ ಮುದ್ರಣದ ಅಂಗಡಿ. ಸೆವ್ಲಿಯೆವೊ ಊರಿನ ಆಸ್ಪತ್ರೆ ರಸ್ತೆಯಲ್ಲಿತ್ತು. ಕರೆಯೋಲೆ, ರಸೀದಿ ಪುಸ್ತಕ ಎಲ್ಲ ಮಾಡುತ್ತಿದ್ದರೂ ಅಂಗಡಿ ನಡೆಯುತ್ತಿದ್ದುದು ಸಾವಿನ ಹಾಳೆಗಳಿಂದ. ಯಾರಾದರೂ ತೀರಿಕೊಂಡರೆ ಅವರ ಚಿತ್ರ, ಹೆಸರು, ವಯಸ್ಸು, ದುಃಖಿಸುವವರ ಹೆಸರು ಹಾಕಿದ ಕಪ್ಪಂಚಿನ ಹಾಳೆಯನ್ನು ಮನೆಯ ಬಾಗಿಲಿಗೆ, ಮರಕ್ಕೆ, ಬಸ್ ನಿಲ್ದಾಣಕ್ಕೆ ಅಂಟಿಸಬೇಕು. ನಲವತ್ತನೆಯ ದಿನಕ್ಕೆ ಇನ್ನೊಂದು, ಆರು ತಿಂಗಳಿಗೆ ಇನ್ನೊಂದು, ವರ್ಷಕ್ಕೆ ಮತ್ತೊಂದು. ಊರಿನವರು ಪೇಟೆಗೆ ಹೊರಟರೆ ಬಾಗಿಲುಗಳನ್ನು ಓದಿಕೊಂಡೇ ಹೋಗುತ್ತಿದ್ದರು.

ಆ ಹಾಳೆಗಳು ಲೆಲ್ಯಾ ಪೆನಾ ಅವರ ಪಾಲಿನ ಕೆಲಸ. ಲೆಲ್ಯಾ ಎಂದರೆ ಚಿಕ್ಕಮ್ಮ. ಅರ್ಧ ಊರು ಅವರನ್ನು ಹಾಗೆಯೇ ಕರೆಯುತ್ತಿತ್ತು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದ ಕಾಲದಿಂದ ಅವರದು ಇದೇ ಕಸುಬು. ಈಗ ಬ್ರೌಸರ್‌ನಲ್ಲಿ ಅಂಗಡಿಯ ಪುಟ ತೆರೆದು, ಖಾಲಿ ಜಾಗಗಳನ್ನು ತುಂಬಿ, ಅಚ್ಚಿಗೆ ಕಳಿಸಿದರೆ ಮುಗಿಯಿತು. ಆದರೆ ಪೆನಾ ಅಷ್ಟಕ್ಕೇ ಮುಗಿಸುವವರಲ್ಲ. ಮೊದಲು ಹೆಸರುಗಳನ್ನೆಲ್ಲ ಬರೆದುಕೊಳ್ಳುವರು. ಆಮೇಲೆ ಆ ಪುಟದ ಮೇಲೆ ಹವಾಮಾನದ ಪುಟವೊಂದನ್ನು ತೆರೆದು ಅದನ್ನು ಮರೆಮಾಡುವರು. ಆ ಕಡೆ ಸಾವಾದ ಮನೆಯಲ್ಲಿ ಕನ್ನಡಿಗೆ ಬಟ್ಟೆ ಹೊದಿಸುವುದಿಲ್ಲವೇ, ಹಾಗೆ. ತಾಯಿಯ ಹೆಸರನ್ನು ಶಿಲುಬೆಯ ಕೆಳಗೆ ಕಣ್ಣೆದುರು ಇಟ್ಟುಕೊಂಡು ಯಾರಿಗೆ ಬಾಯಿ ಬರುತ್ತದೆ? ಮುಚ್ಚಿದ ಮೇಲೆ ಕುರ್ಚಿಯನ್ನು ಬಂದವರ ಕಡೆ ತಿರುಗಿಸಿ, ಕೈಯನ್ನು ಮಡಿಲಲ್ಲಿಟ್ಟು, “ಹೇಳಿ, ಹೇಗಿದ್ರು ನಿಮ್ಮಮ್ಮ?” ಎನ್ನುವರು. ಅರ್ಧ ಗಂಟೆ ಕೇಳಿಸಿಕೊಂಡು, ಕೊನೆಗೆ ಎರಡೇ ಸಾಲು ಬರೆಯುವರು. ಆ ಎರಡು ಸಾಲಿಗಾಗಿ ಜನ ಪಕ್ಕದ ಊರುಗಳಿಂದಲೂ ಬರುತ್ತಿದ್ದರು.

ಏಪ್ರಿಲ್‌ನಿಂದ ಈಚೆಗೆ, ಕೇಳಿಸಿಕೊಂಡು ತಿರುಗುವಷ್ಟರಲ್ಲಿ ಪುಟ ಬೆಳ್ಳಗಾಗತೊಡಗಿತ್ತು. ದಿನವೂ ಅಲ್ಲ. ಬೇರೆ ಯಾರಿಗೂ ಅಲ್ಲ. ಅಂಗಡಿಯಲ್ಲಿ ಕಂಪ್ಯೂಟರ್ ಬಲ್ಲವಳು ಇಸ್ಕ್ರಾ ಒಬ್ಬಳೇ. ಅವಳು ಕೆಲವು ವಾರ ನೋಡಿ ಒಂದು ತೀರ್ಮಾನಕ್ಕೆ ಬಂದಿದ್ದಳು. ಅರವತ್ತನಾಲ್ಕು ವಯಸ್ಸಾಯಿತು, ಪೆನಾ ಅವರಿಗೆ ಮರೆವು ಶುರುವಾಗಿದೆ. ಅದನ್ನು ಮಿಂಚೊಗೂ ಹೇಳಿದಳು. ಕನಿಕರದಿಂದಲೇ ಹೇಳಿದೆ ಎಂದುಕೊಂಡಿದ್ದಳು.

ಯೋವ್ಕೊನ ಹಾಳೆ ಹೊರಬಿದ್ದ ಮರುದಿನ, ಗುರುವಾರ, ಅವನ ಅಕ್ಕ ರುಮ್ಯಾನಾ ಅಂಗಡಿಗೆ ಬಂದಳು. ಬಸ್ ನಿಲ್ದಾಣದಿಂದ ಕಿತ್ತ ಹಾಳೆ ಕೈಯಲ್ಲಿತ್ತು.

“ನಮ್ಮಮ್ಮನಿಗೆ ಹನ್ನೊಂದು ವರ್ಷ ಸೇವೆ ಮಾಡಿದವಳು ನಾನು,” ಎಂದಳು. “ಇದರಲ್ಲಿ ತಮ್ಮ ಇದ್ದಾನೆ, ತಮ್ಮನ ಹೆಂಡತಿ ಇದ್ದಾಳೆ, ಅವರ ಮಕ್ಕಳಿದ್ದಾರೆ. ನಾನೆಲ್ಲಿ? ಬಸ್ಸಿಗೆ ನಿಂತವರೆಲ್ಲ ಓದ್ತಿದ್ರು. ನಾನೂ ಓದಿದೆ. ಮೂರು ಸಲ ಓದಿದೆ.”

ಪೆನಾ ಎದ್ದು ನಿಂತರು. ಮುಖ ಸುಣ್ಣದ ಗೋಡೆಯಂತಾಗಿತ್ತು. “ಮೊದಲನೇ ಸಲ ಬರೆದಿದ್ದೆ ಮಗಳೇ. ನಿನ್ನ ಹೆಸರೇ ಮೊದಲು ಬರೆದಿದ್ದೆ. ಅಂತ ಅನ್ಕೋತೀನಿ.”

“ಅನ್ಕೋತೀರಾ?” ಎಂದಳು ರುಮ್ಯಾನಾ.

ಆಗ ಇಸ್ಕ್ರಾ, ಯಾರೂ ಕೇಳದಿದ್ದರೂ, ಎಲ್ಲರ ಮುಂದೆ ಹೇಳಿದಳು: “ಬೇಜಾರು ಮಾಡ್ಕೋಬೇಡಿ. ಇವರಿಗೆ ಈಚೆಗೆ ಸ್ವಲ್ಪ ಮರೆವು. ನಾವೂ ಏನು ಮಾಡೋಣ ಹೇಳಿ.”

ಮಿಂಚೊ ರುಮ್ಯಾನಾಳಿಗೆ ಹೊಸ ಹಾಳೆಗಳನ್ನು ಮಾಡಿಸಿಕೊಟ್ಟ. ಸಂಜೆ ಪೆನಾ ಅವರನ್ನು ಒಳಗೆ ಕರೆದು, ಸೋಮವಾರದಿಂದ ಮನೆಯಲ್ಲೇ ವಿಶ್ರಾಂತಿ ತಗೊಳ್ಳಿ ಎಂದ. ಪೆನಾ ಮೇಜಿನ ಕೆಳಗಿದ್ದ ಉಣ್ಣೆಯ ಚಪ್ಪಲಿಗಳನ್ನು ಚೀಲಕ್ಕೆ ಹಾಕಿಕೊಂಡು, “ಶುಕ್ರವಾರಾನೂ ಬರಲ್ಲ, ಇನ್ನೊಬ್ಬರ ಹೆಸರು ಬಿಟ್ಟುಹೋದೀತು,” ಎಂದು ಹೊರಟುಹೋದರು.

ಶನಿವಾರ ಬೆಳಿಗ್ಗೆ ಅವರ ಕುರ್ಚಿಯಲ್ಲಿ ಇಸ್ಕ್ರಾ ಕೂರಬೇಕಾಯಿತು. ಮೊದಲು ಬಂದವನು ಊರೆಲ್ಲ ಬಾಯ್, ಅಂದರೆ ದೊಡ್ಡಣ್ಣ, ಎಂದು ಕರೆಯುವ ಬಾಯ್ ಸ್ಲಾವಿ, ಮಾರುಕಟ್ಟೆಯಲ್ಲಿ ಜೇನು ಮಾರುವ ಮುದುಕ. ಹೆಂಡತಿ ತೀರಿಕೊಂಡಿದ್ದಳು.

“ಪೆನಾ ಎಲ್ಲಿ?”

“ಅವರು ಬರಲ್ಲ ಬಾಯ್ ಸ್ಲಾವಿ. ನಾನೇ ಬರೀತೀನಿ, ಹೇಳಿ.”

ಹೆಸರುಗಳನ್ನು ಅವಳು ಚಕಚಕನೆ ತುಂಬಿದಳು. ಮುದುಕ ಪರದೆಯಿಂದ ಕಣ್ಣು ಕೀಳಲಿಲ್ಲ. ಬಾಯಿ ತೆರೆದ, ಮುಚ್ಚಿದ.

“ಅದನ್ನ ಸ್ವಲ್ಪ ಮುಚ್ಚಮ್ಮ,” ಎಂದ ಕೊನೆಗೆ. “ನಮ್ಮಣ್ಣ ಹೋದಾಗ ಪೆನಾ ಮುಚ್ಚಿದ್ಲು. ಮಳೆ ಬಿಸಿಲಿನದು ಏನೋ ಹಾಕಿದ್ಲು.”

ಇಸ್ಕ್ರಾ ಹವಾಮಾನದ ಪುಟ ತೆರೆದಳು. ತಿರುಗಿ ಕೂತಳು. ಬೇರೆ ದಿನವಾಗಿದ್ದರೆ ಐದು ನಿಮಿಷದಲ್ಲಿ ಎಬ್ಬಿಸಿಬಿಡುತ್ತಿದ್ದಳೋ ಏನೋ. ಮುದುಕ ಮಾತಾಡತೊಡಗಿದ. ಹೆಂಡತಿ ಜೇನುಗೂಡಿನ ಹತ್ತಿರ ಹೋಗುವಾಗ ಹುಳುಗಳಿಗೆ ಕೇಳುವಂತೆ ಗುಣುಗುತ್ತಿದ್ದಳಂತೆ. ಇವನನ್ನು ಕಚ್ಚಿದ ಹುಳು ಅವಳನ್ನು ಒಮ್ಮೆಯೂ ಕಚ್ಚಲಿಲ್ಲವಂತೆ. “ಹುಳಕ್ಕೂ ಒಳ್ಳೇವರು ಗೊತ್ತಾಗ್ತಾರೆ, ಸ್ಲಾವಿ ಅಂತ ರೇಗಿಸ್ತಿದ್ಲು,” ಎಂದು ಮುದುಕ ಮೂಗೊರೆಸಿಕೊಂಡ. ಇಸ್ಕ್ರಾಳ ಕಣ್ಣೂ ತುಂಬಿತು. ಎಷ್ಟು ಹೊತ್ತಾಯಿತೋ ತಿಳಿಯಲಿಲ್ಲ. ಬರೆಯಲೆಂದು ಅವಳು ತಿರುಗಿ ಹಳೆಯ ಟ್ಯಾಬನ್ನು ಒತ್ತಿದಳು.

ಬಿಳಿ.

ಹೆಸರಿಲ್ಲ, ಶಿಲುಬೆಯಿಲ್ಲ, ತುಂಬುವ ಜಾಗಗಳೂ ಇಲ್ಲ. ಒಗೆದು ಹರವಿದ ಹಾಸಿಗೆ ಬಟ್ಟೆಯ ಹಾಗೆ ಬರೀ ಬಿಳಿ.

“ಹೋಯ್ತಾ?” ಎಂದ ಬಾಯ್ ಸ್ಲಾವಿ. “ಪರವಾಗಿಲ್ಲ ಬಿಡು, ಇನ್ನೊಂದ್ಸಲ ಹೇಳ್ತೀನಿ. ನನಗೇನು ಬೇರೆ ಕೆಲಸ ಇದೆ?”

ಇಸ್ಕ್ರಾ ಮುದುಕನ ಹಾಳೆಯನ್ನು ಮತ್ತೆ ಬರೆದು, ಅಚ್ಚು ಹಾಕಿ ಕೊಟ್ಟು, ಬಾಗಿಲಿನವರೆಗೆ ಬಿಟ್ಟು ಬಂದಳು. ಆಮೇಲೆ ಬ್ರೌಸರಿನ ಸೆಟ್ಟಿಂಗ್ ತೆರೆದಳು. ಒಂದೊಂದೇ ಸಾಲು ಓದಿಕೊಂಡು ಕೆಳಗೆ ಬಂದಳು. ‘ಬಳಸದ ಟ್ಯಾಬುಗಳನ್ನು ಮಲಗಿಸಿ’ ಎಂಬಲ್ಲಿ ಗುಂಡಿ ಹಚ್ಚಿತ್ತು.

ಹಚ್ಚಿದವಳು ಅವಳೇ. ಏಪ್ರಿಲ್‌ನಲ್ಲಿ, ಯಂತ್ರ ನಿಧಾನವಾಗಿದೆ ಎಂದು ಮಿಂಚೊ ಗೊಣಗಿದಾಗ, ಊಟದ ಬಿಡುವಿನಲ್ಲಿ ಒತ್ತಿ, ಯಾರಿಗೂ ಹೇಳದೆ ಮರೆತೂಬಿಟ್ಟಿದ್ದಳು. ಇನ್ನೊಂದು ಪುಟದ ಹಿಂದೆ ಮರೆಯಾದ ಟ್ಯಾಬನ್ನು ಯಾರೂ ಮುಟ್ಟದಿದ್ದರೆ ಬ್ರೌಸರ್ ಅದನ್ನು ಮಲಗಿಸುತ್ತದೆ. ಮತ್ತೆ ತೆರೆದಾಗ ಪುಟ ಮೊದಲಿನಿಂದ ಬರಬೇಕು. ಅಂಗಡಿಯ ಆ ಹಳೆಯ ಪುಟಕ್ಕೆ ಅಷ್ಟು ಹೊತ್ತಿಗೆ ಪ್ರವೇಶದ ಅವಧಿ ಮುಗಿದಿರುತ್ತದೆ, ಬೆಳ್ಳಗೆ ನಿಲ್ಲುತ್ತದೆ. ಅವಳು ಪರೀಕ್ಷಿಸುವಾಗೆಲ್ಲ ಹೋಗಿ ತಕ್ಷಣ ಬರುತ್ತಿದ್ದಳು. ನಿದ್ದೆ ಹತ್ತಲು ಬಿಟ್ಟಿರಲೇ ಇಲ್ಲ. ಅಂಗಡಿಯಲ್ಲಿ ಇನ್ನೊಬ್ಬರ ಮಾತನ್ನು ಅಷ್ಟು ಹೊತ್ತು ಕೇಳುತ್ತಿದ್ದವರು ಒಬ್ಬರೇ.

ಆದರೂ ಖಚಿತ ಮಾಡಿಕೊಂಡಳು. ಒಂದು ಹೆಸರು ಬರೆದು, ಹವಾಮಾನದ ಪುಟದಿಂದ ಮುಚ್ಚಿ, ಗಡಿಯಾರ ನೋಡುತ್ತಾ ಕೂತಳು. ಮೂವತ್ತು ನಿಮಿಷಕ್ಕೆ ಬೆಳ್ಳಗಾಗಿತ್ತು. ಗುಂಡಿ ಆರಿಸಿ, ಮತ್ತೆ ಬರೆದು, ನಲವತ್ತು ನಿಮಿಷ ಬಿಟ್ಟಳು. ಹೆಸರು ಇದ್ದಲ್ಲೇ ಇತ್ತು. ಪರೀಕ್ಷೆಗೆ ಅವಳ ಕೈ ತಾನಾಗಿ ಬರೆದಿದ್ದ ಹೆಸರು ರುಮ್ಯಾನಾ.

ಮಿಂಚೊಗೆ ಫೋನು ಮಾಡಿದಳು.

“ಸರಿಹೋಯ್ತಲ್ಲ? ಹಾಗಾದ್ರೆ ಸುಮ್ನಿರು,” ಎಂದ ಅವನು. “ಸೋಮವಾರ ಕರೆಸೋಣ. ಯಂತ್ರ ಹಳೇದು ಅಂದರಾಯ್ತು. ನೀನೇ ಮಾಡಿದ್ದು ಅಂತ ಯಾಕೆ ಡಂಗುರ ಹೊಡೀತೀಯ?”

ಹಾಗೆಯೇ ಮಾಡಿಬಿಡೋಣ ಎಂದು ಅವಳಿಗೂ ಅನ್ನಿಸಿತು. ಪೆನಾ ಅವರ ಮನೆಗೆ ಹೋಗುವ ರಸ್ತೆಯ ತಿರುವಿನವರೆಗೂ ಅನ್ನಿಸುತ್ತಲೇ ಇತ್ತು.

ಪೆನಾ ಅಂಗಳದಲ್ಲಿ ಕೂತು ಕೆಂಪು ಮೆಣಸಿನಕಾಯಿ ಸುಡುತ್ತಿದ್ದರು. ಸುಟ್ಟ ಸಿಪ್ಪೆ ಸುಲಿಯುತ್ತಾ, “ಬಾ ಕೂತ್ಕೊ,” ಎಂದರೇ ಹೊರತು ತಲೆ ಎತ್ತಲಿಲ್ಲ. ಸುಡುವ ಒಲೆಯ ಪಕ್ಕದ ಗೋಡೆಗೆ ಒಂದು ಚೀಟಿ ಅಂಟಿಸಿತ್ತು. ‘ಆರಿಸಿದೆಯಾ? ಮತ್ತೆ ನೋಡು.’ ಅಡುಗೆಮನೆಯ ಬಾಗಿಲಿಗೆ ಇನ್ನೊಂದು, ಬೀಗದ ಕೈ ತೂಗುವ ಮೊಳೆಯ ಪಕ್ಕ ಮತ್ತೊಂದು.

ಇಸ್ಕ್ರಾ ನಿಂತೇ ಹೇಳಿದಳು. ಗುಂಡಿಯನ್ನು, ಏಪ್ರಿಲನ್ನು, ಹೋಗಿ ತಕ್ಷಣ ಬರುತ್ತಿದ್ದ ತನ್ನ ಪರೀಕ್ಷೆಯನ್ನು.

ಪೆನಾ ಅವರ ಕೈ ನಿಂತಿತು.

“ಅಂದ್ರೆ ಬರೆದಿದ್ದೆ. ಆ ಹುಡುಗಿ ಹೆಸರು.”

“ಬರೆದಿದ್ರಿ.”

“ಮೊದಲನೇದು.”

“ಹೂಂ.”

ಪೆನಾ ಸುಲಿದ ಮೆಣಸಿನಕಾಯಿಯನ್ನು ತಟ್ಟೆಗೆ ಹಾಕಿದರು. ಆಮೇಲೆ ಚೀಟಿಯ ಕಡೆ ಗಲ್ಲ ಎತ್ತಿ ತೋರಿಸಿದರು. “ಮೇ ತಿಂಗಳಿಂದ ಮೊಮ್ಮಗಳನ್ನ ನನ್ನ ಹತ್ರ ಬಿಡಬೇಡಿ ಅಂದುಬಿಟ್ಟಿದ್ದೀನಿ. ಒಂದು ವರ್ಷದ ಕೂಸು. ಸ್ನಾನಕ್ಕೆ ಕೂರಿಸಿ ಮರೆತುಬಿಟ್ರೆ ಅಂತ. ನನ್ನ ಮಗಳು ನಗ್ತಿದ್ಲು, ನಿನಗೇನಾಗಿದೆ ಅಂತ. ನಾನು ನಿನ್ನ ಮಾತು ನಂಬಿದೆ, ಅವಳದ್ದು ನಂಬಲಿಲ್ಲ. ನೀನು ಓದಿದವಳು ಅಂತ.”

ಇಸ್ಕ್ರಾಳಿಗೆ ತನ್ನ ಮಗಳಿಗೆ ಸ್ನಾನ ಮಾಡಿಸಿದ ಒಂದೊಂದು ಸಂಜೆಯೂ ನೆನಪಾಯಿತು. ನೆಲ ನೋಡುತ್ತಾ ನಿಂತಳು. “ಏನು ಮಾಡ್ಲಿ ಹೇಳಿ, ಲೆಲ್ಯಾ ಪೆನಾ.”

“ಜನರ ಮುಂದೆ ಹೇಳಿದೆ. ಜನರ ಮುಂದೆಯೇ ಹೇಳು.”

ಭಾನುವಾರ ಬೆಳಿಗ್ಗೆ ಅವಳು ಅಂಗಡಿ ತೆರೆದು ಒಂದು ಹಾಳೆ ಬರೆದಳು. ಊರಿನವರು ಓದುವುದು ಸಾವಿನ ಹಾಳೆಗಳನ್ನೇ ಎಂದು ಅದೇ ಪುಟ ತೆರೆದಿದ್ದಳು. ಶಿಲುಬೆ ತೆಗೆದಳು. ಮೇಲೆ ದಪ್ಪ ಅಕ್ಷರದಲ್ಲಿ ‘ಪೆನಾ ದೊಯ್ಚಿನೊವಾ’ ಎಂದು ಹಾಕಿ, ಕೆಳಗೆ ಬರೆದಳು: ‘ಇವರಿಗೆ ಮರೆವು ಇಲ್ಲ. ಹಾಳೆಗಳು ತಡವಾದದ್ದು, ರುಮ್ಯಾನಾ ಅವರ ಹೆಸರು ಬಿಟ್ಟುಹೋದದ್ದು ನನ್ನ ತಪ್ಪಿನಿಂದ. ಕಂಪ್ಯೂಟರನ್ನು ಕೆಡಿಸಿದವಳು ನಾನು, ಅಪವಾದವನ್ನು ಇವರ ತಲೆಗೆ ಕಟ್ಟಿದವಳೂ ನಾನು. ಇಸ್ಕ್ರಾ.’ ಅಂಗಡಿಯ ಬಾಗಿಲಿಗೆ, ಬಸ್ ನಿಲ್ದಾಣಕ್ಕೆ ಅಂಟಿಸಿದಳು. ರುಮ್ಯಾನಾಳ ಮನೆಗೆ ಹೋಗಿ ಒಂದನ್ನು ಕೈಗೇ ಕೊಟ್ಟಳು. ರುಮ್ಯಾನಾ ಓದಿ, ಮಡಚಿಟ್ಟುಕೊಂಡು, ಬಾಗಿಲು ಹಾಕಿಕೊಂಡಳು.

ಇಸ್ಕ್ರಾ ಕಪ್ಪಂಚನ್ನು ತೆಗೆಯಲು ಮರೆತಿದ್ದಳು.

ಸೋಮವಾರ ಎಂಟು ಗಂಟೆಗೆ ಅಂಗಡಿಯ ಮುಂದೆ ನಾಲ್ಕು ಜನ ಹೆಂಗಸರು ಅಳುತ್ತಾ ನಿಂತಿದ್ದರು. ಕನ್ನಡಕ ತರದವರಿಗೆ ಅಂಚು, ಹೆಸರು ಕಂಡರೆ ಸಾಕಲ್ಲ. “ಗುರುವಾರ ಚೆನ್ನಾಗೇ ಇದ್ಲಲ್ಲ,” ಎಂದು ಒಬ್ಬಳು. “ಕೆಲಸದಿಂದ ತೆಗೆದರಂತೆ, ಎದೆ ಒಡೀತು ಪಾಪ,” ಎಂದು ಇನ್ನೊಬ್ಬಳು. ಇಸ್ಕ್ರಾ ಬಾಗಿಲಿನ ಮುಂದೆ ನಿಂತು, ಬಂದವರಿಗೆಲ್ಲ ತನ್ನ ತಪ್ಪನ್ನು ತಾನೇ ಗಟ್ಟಿಯಾಗಿ ಓದಿ ಹೇಳಬೇಕಾಯಿತು. ಒಂಬತ್ತು ಗಂಟೆಯೊಳಗೆ ಏಳು ಸಲ ಓದಿದ್ದಳು.

ಎಂಟನೆಯ ಸಲಕ್ಕೆ ಪೆನಾ ಅವರೇ ಬಂದರು. ಒಂದು ಕೈಯಲ್ಲಿ ಉಣ್ಣೆಯ ಚಪ್ಪಲಿಯ ಚೀಲ, ಇನ್ನೊಂದರಲ್ಲಿ ನಾಲ್ಕು ಸೇವಂತಿಗೆ.

“ಪಕ್ಕದ ಮನೆಯವಳು ತಂದಿದ್ಲು, ನನ್ನ ಹೆಣ ನೋಡೋಕೆ. ಬಾಗಿಲು ತೆಗೆದವಳು ನಾನೇ. ಕಿರುಚಿಕೊಂಡು ಕೂತುಬಿಟ್ಲು, ಅವಳಿಗೇ ನೀರು ಕುಡಿಸಬೇಕಾಯ್ತು,” ಎಂದರು. ಹೂವು ಕೊಡುವಾಗ ಸತ್ತವರಿಗೆ ಸಮಸಂಖ್ಯೆ, ಬದುಕಿದವರಿಗೆ ಬೆಸ, ಅದು ಅಲ್ಲಿನ ವಾಡಿಕೆ. ಪೆನಾ ಒಂದು ಹೂವನ್ನು ಎಳೆದು ಇಸ್ಕ್ರಾಳ ಕೈಗಿತ್ತು, ಮೂರನ್ನು ತಮ್ಮಲ್ಲೇ ಉಳಿಸಿಕೊಂಡರು. ಅಳುತ್ತಿದ್ದ ಹೆಂಗಸರು ನಕ್ಕರು. ಪೆನಾ ನಗಲಿಲ್ಲ. ಕನ್ನಡಕ ಹಾಕಿಕೊಂಡು ಹಾಳೆಯನ್ನು ಪೂರ್ತಿ ಓದಿದರು.

“ಅಂಚು ತೆಗಿ. ನಿನ್ನ ಹೆಸರು ಇಷ್ಟು ಸಣ್ಣಕ್ಕೆ ಹಾಕಿದ್ದೀಯಲ್ಲ, ಯಾರಿಗೆ ಕಾಣತ್ತೆ? ನನ್ನದರಷ್ಟೇ ದಪ್ಪ ಮಾಡು.”

ಇಸ್ಕ್ರಾ ದಪ್ಪ ಮಾಡಿ ಹೊಸದನ್ನು ಅಂಟಿಸಿದಳು. ಅದು ವಾರವಿಡೀ ಬಾಗಿಲ ಮೇಲಿತ್ತು. ಮಿಂಚೊ ಗೊಣಗಿದ, ತೆಗೆಯಲಿಲ್ಲ.

ಅದೇ ದಿನ ಹತ್ತು ಗಂಟೆಗೆ ಒಬ್ಬ ಹೆಂಗಸು ಬಂದಳು, ಗಂಡನ ನಲವತ್ತನೆಯ ದಿನದ ಹಾಳೆಗೆ. ಪೆನಾ ಹೆಸರುಗಳನ್ನು ಬರೆದರು. ಮಳೆ ಬಿಸಿಲಿನ ಪುಟದಿಂದ ಮುಚ್ಚಿದರು. ಕುರ್ಚಿ ತಿರುಗಿಸಿ, “ಹೇಳಮ್ಮ, ಹೇಗಿದ್ರು?” ಎಂದರು. ಅರ್ಧ ಗಂಟೆ ಕಳೆಯಿತು. ಇಸ್ಕ್ರಾ ಕಾಗದ ಕತ್ತರಿಸುವುದನ್ನು ನಿಲ್ಲಿಸಿ ನೋಡುತ್ತಿದ್ದಳು.

ತಿರುಗುವ ಮೊದಲು ಪೆನಾ ಉಸಿರು ಬಿಗಿಹಿಡಿದರು. ಕಣ್ಣು ಮುಚ್ಚಿಕೊಂಡೇ ಟ್ಯಾಬನ್ನು ಒತ್ತಿ, ಒಂದು ಕ್ಷಣ ಬಿಟ್ಟು, ಮೆಲ್ಲಗೆ ಒಂದೇ ಕಣ್ಣು ತೆರೆದರು.

ಹೆಸರುಗಳೆಲ್ಲ ಇದ್ದವು. ಪೆನಾ ಬೆರಳಿಟ್ಟು ಒಂದೊಂದನ್ನೇ ಎಣಿಸಿದರು, ಮತ್ತೊಮ್ಮೆ ಎಣಿಸಿದರು. ಇಸ್ಕ್ರಾ ಮುಖ ತಿರುಗಿಸಿಕೊಂಡಳು.