ನಾನು ದಯಮಾಡಿಸಿದೆ

ಹೊಟ್ಟೆ ಬಂದಿದೆ, ಅಯ್ಯೋ ಎಷ್ಟು ಹೊಟ್ಟೆ, ಸೊಂಟಪಟ್ಟಿಯ ಕೊನೆಯ ತೂತಿಗೆ ಕೊಕ್ಕೆ ಸಿಕ್ಕಿಸಿಕೊಂಡಿದ್ದಾನೆ, ಎದೆ ತುಂಬ ಪದಕ, ನಡೆದರೆ ಎತ್ತಿನ ಗೆಜ್ಜೆಯ ಸದ್ದು — ಇವನೇನಾ, ಇಪ್ಪತ್ತೆಂಟು ವರ್ಷದ ಹಿಂದೆ ದಂಡಿನ ಮನೆಯಲ್ಲಿ ಸೊಳ್ಳೆಪರದೆಗೆ ಕಾಲು ತೊಡರಿಸಿಕೊಂಡು ವಾಗಿಯೆಮ್, ವಾಗಿಯೆಮ್ ಎಂದು ನನ್ನನ್ನು ಕೂಗುತ್ತಿದ್ದ ಮೂಳೆಚಕ್ಕಳದ ಲೆಫ್ಟಿನೆಂಟ್ ಲೂಡರ್ — ಮನಸ್ಸಿನಲ್ಲಿ ಇವನು ಅಂದರೆ ಯಾರಿಗೆ ಕೇಳಿಸುತ್ತದೆ, ಬಾಯಲ್ಲಿ ಅಂದಿನಿಂದಲೂ ತುವಾನ್ ಅವರು, ಒಡೆಯರು, ಎಂದೇ. ಪಕ್ಕದಲ್ಲಿ ಕೂತ ಕಾಸಿನಾಳ ಗಂಡ ಇವನ ಪಡೆಯಲ್ಲಿ ಸಿಪಾಯಿಯಾಗಿದ್ದವನು, ಸುದ್ದಿಯೆಲ್ಲ ಅವನಿಂದಲೇ — ಬೋರ್ನಿಯೋದಲ್ಲಿ ಕ್ಯಾಪ್ಟನ್ ಆದ, ಅಚೆ ಸೀಮೆಯ ಯುದ್ಧದಲ್ಲಿ ಭುಜಕ್ಕೆ ಗುಂಡು ತಿಂದು ಕರ್ನಲ್ ಆದ, ಎಷ್ಟು ಊರು ಸುಟ್ಟನೋ, ಜನರಲ್ ಆದ, ಈಗ ಅದೇ ಅಚೆಗೆ ಗವರ್ನರ್, ಹಡಗು ಹತ್ತುವ ಮೊದಲು ನಮ್ಮ ಬುಪಾತಿ ದೊರೆಗಳ ಚಾವಡಿಯಲ್ಲಿ ಸತ್ಕಾರ — ಹಲ್ಲಿ ಲೊಚಗುಟ್ಟಿದರೆ ಈಗಲೂ ಬೆಚ್ಚುತ್ತಾನೋ ಏನೋ, ಯಾರನ್ನು ಕೇಳುವುದು. ಕೇಳಬೇಕಾದ್ದು ಅದಲ್ಲ, ಒಂದೇ ಒಂದು, ಮಿನಾ ಎಲ್ಲಿ. ಹಾಲೆಂಡಿನ ಮದುಮಗಳು ಬರುವ ಮುಂಚೆ ನನ್ನನ್ನು ಹಿತ್ತಲ ಬಾಗಿಲಿನಿಂದ ಕಳಿಸಿದ, ನಾಲ್ಕು ವರ್ಷದ ಮಗಳನ್ನು ಅವನ ಅಕ್ಕನ ಮನೆಗೆಂದು ಹಾಲೆಂಡಿನ ಹಡಗಿಗೆ ಹತ್ತಿಸಿದ, ಓದಿ ದೊಡ್ಡವಳಾಗಲಿ ಎಂದ, ಇದ್ದರೆ ಈಗ ಇಪ್ಪತ್ತೇಳು. ಇದ್ದರೆ ಏನು, ಇದ್ದಾಳೆ.

ಎದ್ದು ನಿಂತ, ದುಭಾಷಿ ಬೇಡವೆಂದು ಕೈ ಆಡಿಸಿದ, ಜಾವಾ ಮಾತಿನಲ್ಲೇ ಭಾಷಣವಂತೆ — ಪ್ರಜೆಗಳೇ, ನಾನು ನಿನ್ನೆ ದಯಮಾಡಿಸಿದೆ, ನಿಮ್ಮ ಅನ್ನವನ್ನು ಆರೋಗಣೆ ಮಾಡಿದೆ, ಸುಖವಾಗಿ ಪವಡಿಸಿದೆ — ಅಯ್ಯೋ ದೇವರೇ, ಬುಪಾತಿಗಳು ಬೀಸಣಿಗೆ ಮುಖಕ್ಕೆ ಹಿಡಿದುಕೊಂಡರು, ಕಾಸಿನಾ ನನ್ನ ಪಕ್ಕೆಗೆ ತಿವಿದಳು, ಏನೇ ಅಕ್ಕಾ ಇದು, ತನಗೆ ತಾನೇ ಆರತಿ ಎತ್ಕೊಳ್ತಾನಲ್ಲೇ, ಯಾವ ಪುಣ್ಯಾತ್ಗಿತ್ತಿ ಕಲಿಸಿದ್ಳೋ — ನಾನೇ ಕಣೇ, ನಾನೇ, ಆ ಪುಣ್ಯಾತ್ಗಿತ್ತಿ. ನಾನು ಅವನಿಗೆ ಹಾಗಲ್ಲದೆ ಇನ್ನು ಹೇಗೆ ಮಾತಾಡಲಿ, ತುವಾನ್ ಆರೋಗಣೆಯಾಯಿತೇ, ತುವಾನ್ ಪವಡಿಸಿ — ಅದನ್ನೇ ಗಿಣಿಯ ಹಾಗೆ ಹಿಡಿದುಕೊಂಡ, ತನಗೊಂದು ಮಾತು ಬೇರೆಯವರಿಗೊಂದು ಮಾತು ಎಂದು ಹೇಳಿಕೊಡಲು ನಾನೇನು ಪಂತೋಜಿಯೇ. ನಗು ಬರುತ್ತದೆ, ಹೆಮ್ಮೆಯೂ ಆಗುತ್ತದೆ, ನಾಚಿಕೆಗೆಟ್ಟವಳು ನಾನು, ಇಷ್ಟು ಯುದ್ಧ ಮಾಡಿದರೂ ಅವನ ನಾಲಗೆಯ ಮೇಲೆ ನಾನು ಹಾಗೇ ಉಳಿದಿದ್ದೇನೆ.

ಬರುತ್ತಿದ್ದಾನೆ, ಹೆಂಗಸರ ಸಾಲಿನ ಹತ್ತಿರ, ಒಂದು ಕಾಲು ಎಳೆಯುತ್ತ, ವೀಳ್ಯದ ತಟ್ಟೆ ಮುಂದಕ್ಕೆ ಹಿಡಿದೆ, ಕೇಳೇ ಅಕ್ಕಾ, ತಲೆಯೇನು ತೆಗೀತಾನಾ, ಕಾಸಿನಾ ಪಿಸುಗುಟ್ಟುತ್ತಾಳೆ, ತೆಗೆದರೂ ತೆಗೆದಾನು ಬಿಡು, ಗವರ್ನರು — ಬೂಟು ನನ್ನ ಮುಂದೆ ನಿಂತಿತು, ತಲೆ ಎತ್ತಬಾರದು, ತುವಾನ್ ಅವರೇ, ಮಿನಾ ಅಮ್ಮಣ್ಣಿಯವರು ಎಲ್ಲಿದ್ದಾರೆ. ನನ್ನ ಮಗಳಿಗೂ ದೊಡ್ಡ ಮಾತೇ, ಅವನ ಮಗಳಲ್ಲವೇ. ತಲೆ ಎತ್ತಿಬಿಟ್ಟೆ. ಗುರುತು ಹಿಡಿದ, ಮೀಸೆ ಅದುರಿತು, ಮಾತು ಹುಡುಕುತ್ತಿದ್ದಾನೆ, ಇಷ್ಟು ದೊಡ್ಡ ಗವರ್ನರಿಗೆ ಒಂದು ಮಾತು ಸಿಗುತ್ತಿಲ್ಲ — ಆಮೇಲೆ, ದನಿ ಒಡೆದು, ಸತ್ತಿತು, ಎಂದ, ಮೊದಲನೇ ಚಳಿಯಲ್ಲೇ, ಸತ್ತಿತು. ತೀರಿಕೊಂಡಳು ಎನ್ನಬೇಕು ತುವಾನ್, ಹೋಗಿಬಿಟ್ಟಳು ಎನ್ನಬೇಕು, ಮಗುವಿಗೆ ಹಾಗೆನ್ನಬಾರದು — ಆದರೆ ಅವನಿಗೆ ಅದನ್ನು ಯಾರು ಕಲಿಸಿದರು, ನಾವಿದ್ದ ಆ ಮನೆಯಲ್ಲಿ ಯಾರೂ ತೀರಿಕೊಂಡಿರಲಿಲ್ಲ, ಒಂದು ಸಲ, ಒಂದೇ ಒಂದು ಸಲ, ಬಾವಿಕಟ್ಟೆಯ ಹತ್ತಿರ, ಇದಕ್ಕೇನನ್ನುತ್ತೀರಿ ಎಂದು ಬೂಟಿನ ತುದಿಯಿಂದ ತೋರಿಸಿದ, ಸತ್ತಿತು ತುವಾನ್ ಎಂದೆ, ಸತ್ತಿತು ಎಂದು ಅವನೂ ಅಂದ, ಸರಿಯಾಗಿ ಅಂದಿರಿ ಎಂದು ನಾನು ನಕ್ಕೆ — ಚುಕ್ಕೆಕೋಳಿ, ಬಾವಿಕಟ್ಟೆಯ ಹತ್ತಿರ, ಕಾಲು ಮೇಲಕ್ಕೆ, ಒಂದು ಕಣ್ಣು ತೆರೆದೇ ಇತ್ತು — ಚುಕ್ಕೆಕೋಳಿ, ಒಂದು ಕಣ್ಣು