ಹೊಟ್ಟೆ ಅಂದ್ಬಿಡಿ

“ಬಾಗಿಲು ಹಾಕಿ ಅತ್ತಿಗೆ, ಯಾರಾದ್ರೂ ನೋಡ್ತಾರೆ,” ಎಂದ ಮೈದುನ, ಅಣ್ಣನ ಹೆಣಕ್ಕೆ ಒಗೆದ ಪ್ಯಾಂಟು ಏರಿಸುತ್ತ. ಅವಳು ಚಿಲಕ ಹಾಕಿದಳು. ಲೇತ್ ಮೆಷಿನ್ನಿನ ಮುಂದೆ ನಿಂತು ಜೀವ ಸವೆಸಿದ ಗಂಡನಿಗೆ ಸತ್ತ ಮೇಲೂ ನಾಚಿಕೆ ತಪ್ಪಲಿಲ್ಲ.

“ಕೇಳಿದವ್ರಿಗೆ ಹೊಟ್ಟೆ ಕ್ಯಾನ್ಸರ್ ಅಂದ್ಬಿಡಿ. ‘ಅಲ್ಲಿ’ ಅಂದ್ರೆ ಊರೆಲ್ಲ ನಗುತ್ತೆ.”

“ಜೊತೆ ಕೆಲಸದವ್ರಿಗೆ ಹೇಳ್ಬೇಕು ಅಂತ ಡಾಕ್ಟ್ರು ಅಂದಿದಾರಲ್ಲಪ್ಪ…”

“ಡಾಕ್ಟ್ರಿಗೇನು, ಅವ್ರು ಈ ಬೀದೀಲಿ ಬದುಕ್ಬೇಕಾ?”

*

ಮೊದಲು ಕಂಡದ್ದು ವೃಷಣದ ಚೀಲದ ಮೇಲೆ ನರುಲಿಯಂಥ ಒಂದು ಗುಳ್ಳೆ. ಗಂಡ ಅಂಗಡಿಯಿಂದ ತುರಿಕೆಯ ಮುಲಾಮು ತಂದು ಹಚ್ಚಿಕೊಂಡ. ಒಳಚಡ್ಡಿಯಲ್ಲಿ ರಕ್ತದ ಕಲೆ ನೋಡಿದ ದಿನ ಅವಳು ರಂಪ ಮಾಡಿದಳು. “ಯಾವಳ ಹತ್ರ ಹೋಗಿ ಅಂಟಿಸ್ಕೊಂಡು ಬಂದ್ರಿ ಇದನ್ನ?” ಅವನ ಹಾಸಿಗೆಯನ್ನು ಹಜಾರಕ್ಕೆ ಎಸೆದಳು, ಅವನ ಬಟ್ಟೆ ಬೇರೆಯಾಗಿ ಒಗೆದಳು. ಆಸ್ಪತ್ರೆಗೆ ಹೋಗಿ ಎಂದರೆ ಅವನದು ಒಂದೇ ಮಾತು, “ವರ್ಕ್‌ಶಾಪಿಗೆ ಗೊತ್ತಾದ್ರೆ ನಗ್ತಾರೆ ಕಣೆ, ದಿನಾ ಹುರಿದು ಮುಕ್ತಾರೆ.” ಎರಡು ವರ್ಷ ಹೀಗೇ ಹೋಯಿತು.

ತೊಡೆಸಂದಿಯಲ್ಲಿ ಗೆಡ್ಡೆ ಎದ್ದಾಗ ಆಸ್ಪತ್ರೆ ಸೇರಿದ. ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದ್ದ ಡಾಕ್ಟರಮ್ಮ ಅವಳನ್ನು ಹೊರಗೆ ಕರೆದರು. “ಇದು ಚರ್ಮದ ಕ್ಯಾನ್ಸರ್. ಯಾರಿಂದಾನೂ ಅಂಟಿದ್ದಲ್ಲ. ವರ್ಷಗಟ್ಟಲೆ ಮೆಷಿನ್ ಎಣ್ಣೆ ಬಟ್ಟೆಗೆ ಇಳಿದು ಮೈಗೆ ಹತ್ತಿದೆಯಲ್ಲ, ಅದರಿಂದಾನೇ ಇರ್ಬೇಕು. ತೀರಾ ಅಪರೂಪ. ಗುಳ್ಳೆ ಇದ್ದಾಗಲೇ ಬಂದಿದ್ರೆ ಅಷ್ಟನ್ನೇ ಕತ್ತರಿಸಿ ಮನೆಗೆ ಕಳಿಸ್ತಿದ್ವಿ. ಜೊತೆ ಕೆಲಸದವರಿಗಾದ್ರೂ ಹೇಳಮ್ಮ.”

ಅವಳು ಹೂಂ ಎಂದಳು. ಗಂಡನ ಹತ್ತಿರ ಹೋಗಿ ತಪ್ಪಾಯಿತು ಎನ್ನಲು ಮಾತ್ರ ಕೊನೆಯವರೆಗೂ ಬಾಯಿ ಬರಲಿಲ್ಲ.

*

ಹೆಣದ ಪೆಟ್ಟಿಗೆಯನ್ನು ಅಂಗಳಕ್ಕೆ ತಂದಾಗ ವರ್ಕ್‌ಶಾಪಿನಲ್ಲಿ ಗಂಡನ ಪಕ್ಕದ ಲೇತಿನವನು ಶಿಫ್ಟು ಮುಗಿಸಿ ಕೆಲಸದ ಬಟ್ಟೆಯಲ್ಲೇ ಬಂದ. ಅವನಿಗೆ ಬಾಯಿಬಡುಕ ಎಂದೇ ಹೆಸರು. ಯಾರ ಗುಟ್ಟೂ ಅವನ ಬಾಯಲ್ಲಿ ನಿಂತದ್ದಿಲ್ಲ.

“ಅಕ್ಕಾ, ಅಣ್ಣಂಗೆ ಎಲ್ಲಿ ಬಂದಿತ್ತು ಅದು?” ದನಿ ತಗ್ಗಿಸಿದ. “ಅಲ್ಲ, ನಮ್ಮಲ್ಲೇ ಒಬ್ಬನಿಗೆ ಕೆಳಗಡೆ ಗುಳ್ಳೆ ಆಗಿದೆ. ಎಷ್ಟು ಮುಲಾಮು ಹಚ್ಚಿದ್ರೂ ವಾಸಿಯಾಗ್ತಿಲ್ಲ. ಅಂಥ ಜಾಗಕ್ಕೆಲ್ಲ ಕ್ಯಾನ್ಸರ್ ಬರತ್ತಾ?” ಕಿಸಕ್ಕನೆ ನಕ್ಕು ಅವಳ ಮುಖವನ್ನೇ ನೋಡುತ್ತ ನಿಂತ.

ಆ ಒಬ್ಬ ಯಾರೆಂದು ಅವಳಿಗೆ ಗೊತ್ತಾಗದೆ ಇರಲಿಲ್ಲ. ಹೇಳಿಬಿಡಬೇಕು ಅನ್ನಿಸಿತು. ಆದರೆ ಆ ನಗು! ಗಂಡ ಹೆದರಿ ಸತ್ತದ್ದು ಇದೇ ನಗುವಿಗೆ. ಈಗ ಹೇಳಿದರೆ ನಾಳೆ ಮೆಷಿನ್ನು ಶುರುವಾಗುವ ಮೊದಲೇ ಈ ಬಾಯಿ ಶುರುವಾಗುತ್ತದೆ. ತಾನೇ ಗಂಡನನ್ನು ಹಜಾರಕ್ಕೆ ದಬ್ಬಿದ್ದೂ ಬೀದಿಗೆ ಬೀಳುತ್ತದೆ. ಪಕ್ಕದಲ್ಲಿ ಮೈದುನ ಕೆಮ್ಮಿದ.

“ಹೊಟ್ಟೇಲಿ ಕಣಪ್ಪ,” ಎಂದಳು.

“ಹೊಟ್ಟೇನಾ? ಅಬ್ಬಾ, ಬದುಕಿದೆ! ಅಂದ್ರೆ… ಅವ್ನು ಬದುಕ್ದ ಬಿಡಿ. ಬೇರೆ ಮುಲಾಮು ಹಚ್ಕೊ ಅಂತೀನಿ.”

“ಯಾರಾದ್ರೂ ಹೆಗಲು ಕೊಡ್ರಪ್ಪ,” ಎಂದು ಮೈದುನ ಕೂಗಿದ. ಎಲ್ಲರಿಗಿಂತ ಮೊದಲು ಬಾಯಿಬಡುಕನೇ ಓಡಿದ. ಪೆಟ್ಟಿಗೆ ಬೀದಿಗಿಳಿಯಿತು. ಅವನು ಒಂದು ಕೈಯಲ್ಲಿ ಪೆಟ್ಟಿಗೆ ಹಿಡಿದು, ಇನ್ನೊಂದು ಕೈಯಿಂದ ಎಣ್ಣೆ ಇಳಿದು ಮೈಗೆ ಅಂಟಿಕೊಂಡ ಪ್ಯಾಂಟನ್ನು ತೊಡೆಸಂದಿಯಿಂದ ಮೆಲ್ಲಗೆ ಬಿಡಿಸಿಕೊಳ್ಳುತ್ತ, ಕಾಲಗಲಿಸಿಕೊಂಡು ನಡೆಯುತ್ತಿದ್ದ.